ಹೊಗೆಯಿಲ್ಲದ ಒಲೆ

"ಅದನ್ನ ರಿಪೇರಿ ಮಾಡಬ್ಯಾಡ ತಮ್ಮಾ. ಅದು ಹತ್ತದಿದ್ರೇನೇ ಚೆಂದ."

ಬಾಗಿಲ ಚೌಕಟ್ಟಿಗೆ ಆತುಕೊಂಡು ಮಾಬೂಬೀ ಹೇಳಿದಳು. ಪರಶುರಾಮ ತಲೆ ಎತ್ತಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಕರೆಂಟಿನ ಒಲೆಯನ್ನು ಬೋರಲು ಹಾಕಿ ಅದರ ತಳದ ತಿರುಪು ಬಿಚ್ಚುತ್ತಿದ್ದ.

"ಹತ್ತದ ಒಲೆ ಇಟ್ಕಂಡು ಉರುಸು ಮಾಡ್ತೀರೇನ್ರಿ?" ಎಂದ.

ಮುದುಕಿ ನಗಲಿಲ್ಲ.

ಪರಶುರಾಮ ಹೊಸಪೇಟೆ ಕಡೆಯವನು. ಹರಿಹರದಲ್ಲಿ ಮನೆ ಮಾಡಿ, ಮಿಕ್ಸಿ, ಗೀಸರು, ಒಲೆ ರಿಪೇರಿಯ ಸಣ್ಣ ಅಂಗಡಿ ಹಾಕಿ ಇನ್ನೂ ವರ್ಷ ತುಂಬಿರಲಿಲ್ಲ. ಆಗದು ಎಂದು ಯಾರಾದರೂ ಅಂದರೆ ಸಾಕು, ಅದನ್ನು ಮಾಡಿ ಅವರ ಮುಖಕ್ಕೆ ಹಿಡಿಯುವತನಕ ಅವನಿಗೆ ಅನ್ನ ಸೇರುತ್ತಿರಲಿಲ್ಲ. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಈ ಮನೆಗೆ ಅವನನ್ನು ಕರೆಸಿದ್ದು ಮುದುಕಿಯ ಮಗ ಅಸದ್. "ಒಲೆ ಹಚ್ಚಿದ್ರೆ ಬ್ರೇಕರ್ ಬೀಳ್ತೈತೆ ಅಣ್ಣಾ, ಅಮ್ಮ ಏನೇನೋ ಹೇಳ್ತಾಳೆ, ಕಿವಿ ಮೇಲೆ ಹಾಕ್ಕೋಬ್ಯಾಡ್ರಿ," ಎಂದು ಹೇಳಿ ತನ್ನ ಚಪ್ಪಲಿ ಅಂಗಡಿಗೆ ಹೋಗಿದ್ದ.

ಬ್ರೇಕರ್ ಬೀಳುತ್ತಿದ್ದದ್ದು ನಿಜ. ಗುಂಡಿ ತಿರುಗಿಸಿದರೆ ಸುರುಳಿ ಸಣ್ಣಗೆ ಗುಂಯ್ಗುಡುತ್ತಿತ್ತು. ಕೆಂಪಗಾಗುವ ಮೊದಲೇ ಗೋಡೆಯ ಪೆಟ್ಟಿಗೆಯಲ್ಲಿ ಟಪ್ ಎಂದು ಸದ್ದು. ಫ್ಯಾನು ನಿಂತು, ಫ್ರಿಜ್ ಸುಮ್ಮನಾಗಿ, ಕಿಟಕಿಯಿಲ್ಲದ ಆ ಅಡುಗೆಮನೆ ಹಗಲಿನಲ್ಲೇ ಬಾವಿಯ ತಳದಂತೆ ಕತ್ತಲಾಗುತ್ತಿತ್ತು. ಅದೇ ಪ್ಲಗ್ಗಿಗೆ ಇಸ್ತ್ರಿಪೆಟ್ಟಿಗೆ ಹಾಕಿ ನೋಡಿದ. ಏನೂ ಆಗಲಿಲ್ಲ. ಬ್ರೇಕರನ್ನೇ ಬದಲಿಸಿದ. ಬಿತ್ತು. ತಂತಿ ಬದಲಿಸಿದ. ಬಿತ್ತು. ಹೊಸ ಸುರುಳಿ ಕೂರಿಸಿದ. ಆಗಲೂ ಟಪ್. ಯಾರೋ ಕತ್ತಲಲ್ಲಿ ನಿಂತು ಅವನ ಕೆನ್ನೆಗೆ ಹೊಡೆದಂತೆ ಕೇಳಿಸಿತು.

ತಳದ ತಗಡು ಕಳಚಿದಾಗ ಒಳಗೆ ಅವಿತಿದ್ದದ್ದು ಕಾಣಿಸಿತು. ಬಿಳಿ ಬಟ್ಟೆಯ ಒಂದು ಪಟ್ಟಿ, ಮಡಚಿ ಕರಿ ದಾರದಲ್ಲಿ ಹೊಲಿದದ್ದು. ಅಂಚು ಸುಟ್ಟಿತ್ತು, ನಡುವೆ ಮಾತ್ರ ತಣ್ಣಗೆ ಒದ್ದೆ. ಕರ್ಪೂರದ ವಾಸನೆ, ಅದರಡಿಯಲ್ಲಿ ಕೆದಕಿದ ಮಣ್ಣಿನ ವಾಸನೆ.

"ಇಕಾ, ಕಳ್ಳ ಸಿಕ್ಕ," ಎಂದ ಪರಶುರಾಮ. "ಒದ್ದೆ ಬಟ್ಟೆ ಒಳಗಿದ್ರೆ ಕರೆಂಟು ಒಲೆ ಮೈಗೆ ಇಳೀತೈತೆ, ಬ್ರೇಕರ್ ಬೀಳ್ತೈತೆ. ಯಾರ್ರಿ ತುರುಕಿದ್ದು?"

ಮಾಬೂಬೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನನ್ನ ಮೈದುನನ ಹೆಂಡ್ತಿ ತಸ್ಲೀಮ್. ಆಗ ನಾವೆಲ್ಲ ಒಂದೇ ಮನೇಲಿದ್ವಿ. ಅವಳ ಮಗ ಜ್ವರ ಬಂದು ಹೋಗ್ಬಿಟ್ಟ. ಮಯ್ಯತ್ ನಡುಮನೇಲಿತ್ತು. ಹೆಣ ಇರೋ ಮನೇಲಿ ಒಲೆ ಹಚ್ಚಬಾರದು. ನಿಮ್ಮೋರಲ್ಲೂ ಇಲ್ಲೇನು?"

"ಐತೆ. ಹೇಳ್ರಿ."

"ಅವತ್ತು ಒಂದು ಮದುವೆ ಮನೆಗೆ ಬಿರಿಯಾನಿ ಕೊಡ್ತೀನಂತ ಒಪ್ಕೊಂಡಿದ್ದೆ. ಕಟ್ಟಿಗೆ ಒಲೆ ಆದ್ರೆ ಹೊಗೆ ಕಾಣ್ತೈತೆ. ಇದಕ್ಕೆ ಹೊಗೆ ಇಲ್ಲ, ಸದ್ದಿಲ್ಲ. ಬಾಗ್ಲು ಹಾಕ್ಕಂಡು ಹಚ್ಚಿದೆ. ಯಾರಿಗೆ ಗೊತ್ತಾಗ್ತೈತೆ ಅಂದ್ಕಂಡೆ. ಈರುಳ್ಳಿ ಹುರಿಯೋ ವಾಸನೆ ಹೋಗಿ ಅವಳ ಮೂಗಿಗೆ ಬಡೀತು."

ಮುದುಕಿ ಅಡುಗೆಮನೆಯ ಮೂಲೆಯನ್ನು ನೋಡುತ್ತ ನಿಂತಳು.

"ಮಗನ ಹೆಣಕ್ಕೆ ಸುತ್ತಿದ ಕಫನ್ ಬಟ್ಟೇಲಿ ಮಿಕ್ಕಿದ ಪಟ್ಟಿ ತಗೊಂಡು ಬಂದ್ಲು. ಅಳಲಿಲ್ಲ, ಕೂಗಲಿಲ್ಲ. ಇನ್ನು ಈ ಒಲೆ ಹೆಣ ಇರೋ ಮನೇಲೇ ಹತ್ತಲಿ, ಬೇರೆ ಎಲ್ಲೂ ಹತ್ತಬಾರದು ಅಂದ್ಲು. ಅಷ್ಟೇ. ಅವತ್ತಿಂದ ಹತ್ತಿಲ್ಲ. ಒಂದು ಸಲ ಬಿಟ್ಟು."

"ಯಾವಾಗ?"

"ಒಂದಿನ ಬೆಳಿಗ್ಗೆ ಸುಮ್ನೆ ಗುಂಡಿ ತಿರುವಿದೆ. ಕೆಂಪಗೆ ಉರೀತು. ದೇವರು ಕಣ್ಬಿಟ್ಟ ಅಂತ ಚಾ ಕಾಸ್ಕಂಡು ಅಸದನ ಅಪ್ಪನ್ನ ಎಬ್ಬಿಸಾಕ್ ಹೋದೆ. ಹಾಸಿಗೇಲೇ ತಣ್ಣಗಾಗಿದ್ರು."

ಹೊರಗೆ ತರಕಾರಿ ಗಾಡಿಯವನ ಕೂಗು ಹಾದುಹೋಯಿತು.

"ಗುಜರಿಗೆ ಹಾಕ್ಬೇಕಿತ್ತು," ಎಂದ ಪರಶುರಾಮ.

"ಹಾಕಿದ್ರೆ ಇನ್ಯಾರ ಮನೆಗೆ ಹೋಗ್ತೈತೋ. ದರ್ಗಾಕ್ಕೂ ಹೋದೆ, ದೆವ್ವ ಬಿಡಿಸ್ತಾರಂತ ಉಕ್ಕಡಗಾತ್ರಿಗೂ ಹೋಗಿ ಕೂತು ಬಂದೆ. ನನ್ನ ಪಾಪ, ನನ್ನ ಕಟ್ಟೆ ಮೇಲೇ ಇರ್ಲಿ ಅಂತ ಇಟ್ಕಂಡೀನಿ."

ಪರಶುರಾಮ ಪಟ್ಟಿಯನ್ನು ತನ್ನ ಸಾಮಾನಿನ ಚೀಲಕ್ಕೆ ಎಸೆದು ಒಲೆ ಜೋಡಿಸಿ ಗುಂಡಿ ತಿರುಗಿಸಿದ. ಟಪ್. ಮತ್ತೆ ಕತ್ತಲು. ಕತ್ತಲಲ್ಲಿ ಮುದುಕಿ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಅದು ನೆಮ್ಮದಿಯ ಉಸಿರು. ಅದೇ ಅವನ ಪಿತ್ತ ಕೆರಳಿಸಿತು.

"ನಿಮ್ಮ ಮನೆ ವೈರಿಂಗೇ ಹಾಳಾಗೈತೆ. ನಮ್ಮನೇಲಿ ಗೀಸರಿಗಂತ ದಪ್ಪ ತಂತಿ ಎಳೆದೀನಿ. ಅಲ್ಲಿ ಹಚ್ಚಿ ತೋರಿಸ್ತೀನಿ. ಆಮೇಲೆ ಇದರ ಮೇಲೇ ನಿಮ್ಮ ಕೈಯ ಚಾ ಕುಡೀತೀನಿ."

"ಬ್ಯಾಡ ತಮ್ಮಾ," ಎಂದು ಮುದುಕಿ ಅವನ ಮೊಣಕೈ ಹಿಡಿದಳು. "ನಿನ್ನ ಮನೇಲಿ ಮಂದಿ ಅದಾರೆ."

ಕೊಡವಿಕೊಂಡು ಎದ್ದ. ಒಲೆಯನ್ನು ಗೋಣಿಚೀಲದಲ್ಲಿ ಸುತ್ತಿ ಮೊಪೆಡ್ಡಿನ ಮುಂದಿಟ್ಟುಕೊಂಡು ಹರಿಹರದ ದಾರಿ ಹಿಡಿದ. ದಾರಿಯುದ್ದಕ್ಕೂ ಅವನ ಮೊಣಕಾಲಿಗೆ ಅದರ ತಗಡು ತಾಗುತ್ತಿತ್ತು. ಸುಡುವ ಬಿಸಿಲಿನಲ್ಲೂ ಅದು ತಣ್ಣಗಿತ್ತು.

ಮನೆಯಲ್ಲಿ ಇದ್ದದ್ದು ಅವನ ತಾಯಿ ಓಬವ್ವ, ಹೆಂಡತಿ ಪುಷ್ಪಲತಾ. ಮದುವೆಯಾಗಿ ಎಷ್ಟೋ ವರ್ಷ ಕಾದು, ಆಸ್ಪತ್ರೆಗಳ ಮೆಟ್ಟಿಲು ಸವೆಸಿ, ಇನ್ನು ಆಗದು ಎಂದು ಕೈ ಬಿಟ್ಟ ಮೇಲೆ ಪುಷ್ಪಲತಾ ಬಸುರಾಗಿದ್ದಳು. ದಿನ ತುಂಬುತ್ತ ಬಂದಿತ್ತು. ಮಾತಿನಲ್ಲಿ ಬೆಂಕಿ ಉಗುಳುವ ಪರಶುರಾಮ ಅವಳ ಹೊಟ್ಟೆಗೆ ಕಿವಿ ಇಟ್ಟಾಗ ಮಾತ್ರ ಉಸಿರು ಬಿಗಿಹಿಡಿದು ಕೂರುತ್ತಿದ್ದ.

ಸಂಜೆ ಒಲೆ ಹಚ್ಚಿದ. ಟಪ್. ಇಲ್ಲೂ ಬಿತ್ತು.

"ನಿಮ್ಮ ಗಲಾಟೆಗೆ ಕೂಸು ಬೆಚ್ಚಿ ಒದೀತು ನೋಡ್ರಿ," ಎಂದು ಪುಷ್ಪಲತಾ ನಕ್ಕು ಅವನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನಿಂದ ಪುಟ್ಟ ಹಿಮ್ಮಡಿ ಅವನ ಅಂಗೈಯನ್ನು ಗುದ್ದಿತು. "ಅಪ್ಪನಂಗೇ ಸಿಟ್ಟು," ಎಂದಳು ಓಬವ್ವ.

ಸುರುಳಿಯಲ್ಲಿ ಇನ್ನೂ ಪಸೆ ಉಳಿದಿದೆ, ಒಣಗಲಿ ಎಂದು ಒಲೆಯನ್ನು ಅಡುಗೆಮನೆಯಲ್ಲೇ ಬಿಟ್ಟು ಮಲಗಿದ. ಬೆಳಿಗ್ಗೆ ಎದ್ದು ಮಾಳಿಗೆಯ ಬಿಸಿಲಿಗಿಟ್ಟ. ಮಧ್ಯಾಹ್ನ ಊಟಕ್ಕೆ ಬಂದವನು ಇಳಿಸಿ ತಂದು ಪ್ಲಗ್ಗಿಗೆ ಸಿಕ್ಕಿಸಿ ಗುಂಡಿ ತಿರುಗಿಸಿದ. ಕಿವಿ ತಾನಾಗಿ ಆ ಸದ್ದಿಗೆ ಕಾಯಿತು.

ಸದ್ದು ಬರಲಿಲ್ಲ.

ಸುರುಳಿ ನಡುವಿನಿಂದ ಕೆಂಪಗಾಗುತ್ತ ಬಂತು. ಹೊಗೆಯಿಲ್ಲ, ಸದ್ದಿಲ್ಲ. ಗೆದ್ದ ಹಮ್ಮಿಗೆ ಪರಶುರಾಮ ತೊಡೆ ತಟ್ಟಿದ. ಬಿಸಿಲಿಗೆ ಒಣಗಿತು, ಇಷ್ಟೇ ಮಾಟ. "ಏ ಪುಷ್ಪಾ, ಪಲ್ಯ ಇದರ ಮೇಲಿಡು," ಎಂದು ಕೂಗಿ ಹೇಳಿ, ಜಗಲಿಗೆ ಬಂದು ಮಾಬೂಬೀಗೆ ಫೋನು ಹಚ್ಚಿದ.

"ನಿಮ್ಮ ಒಲೆ ನಮ್ಮನೇಲಿ ಹೆಂಗ್ ಉರೀತೈತೆ ಬಂದು ನೋಡ್ರಿ."

ಆ ಕಡೆ ಪಾತ್ರೆಯೊಂದು ಕೈಜಾರಿ ಬಿದ್ದ ಸದ್ದಾಯಿತು.

"ಕೇಳಿಸ್ತೇನ್ರಿ? ಉರೀತೈತೆ."

"ತಮ್ಮಾ," ಎಂದಳು ಮುದುಕಿ. "ಮನೇಲಿ ಯಾರ್ಯಾರು ಅದೀರಿ? ಎಲ್ಲಾರನ್ನೂ ಮುಟ್ಟಿ ನೋಡು."

"ಹುಚ್ಚು ಹಿಡಿದೈತೆ ನಿಮಗೆ," ಎಂದು ಬೈದು ಫೋನು ಇಟ್ಟ. ಇಟ್ಟವನು ಅಲ್ಲೇ ನಿಂತ. ಮನೆ ಬಹಳ ನಿಶ್ಶಬ್ದವಾಗಿದೆ ಅನ್ನಿಸಿತು. ಈ ಹೊತ್ತಿಗೆ ಗೊಣಗುತ್ತ ಎಲೆ ಅಡಿಕೆ ಕುಟ್ಟಬೇಕಾದ ತಾಯಿ ಎಲ್ಲಿ?

ಒಳಕೋಣೆಗೆ ಹೋದ. ಓಬವ್ವ ಚಾಪೆಯ ಮೇಲೆ ಅಂಗಾತ ಮಲಗಿದ್ದಳು. ಮುಖದ ತುಂಬ ಸೆರಗು. ಎದೆ ಏರಿಳಿಯುವುದು ಕಾಣಲಿಲ್ಲ. ಸೆರಗು ಎಳೆದ.

"ಯಾಕೋ ಮೂಳ, ನೊಣದ ಕಾಟಕ್ಕೆ ಮುಖ ಮುಚ್ಕಂಡ್ರೂ ಬಿಡಲ್ಲಲ್ಲ," ಎಂದು ಓಬವ್ವ ಕಣ್ಣು ಬಿಟ್ಟಳು. "ಹೆಣ ನೋಡ್ದಂಗ್ ನೋಡ್ತೀಯ?"

ಅವನಿಗೆ ನಗು ಬಂತು. ಗೋಡೆ ಹಿಡಿದು ನಕ್ಕ. ತಾಯಿ ಇದ್ದಾಳೆ. ಅಡುಗೆಮನೆಯಲ್ಲಿ ಪುಷ್ಪಲತಾಳ ಬಳೆಯ ಸದ್ದಿದೆ. ತಾನು ಇದ್ದೇನೆ. ಮತ್ಯಾರಿದ್ದಾರೆ ಈ ಮನೆಯಲ್ಲಿ?

ನಗುತ್ತಲೇ ಅಡುಗೆಮನೆಗೆ ಬಂದ. ಹುರಿದ ಈರುಳ್ಳಿಯ ವಾಸನೆ ಮುಖಕ್ಕೆ ಬಡಿಯಿತು. ಅದರಡಿಯಲ್ಲಿ ಕರ್ಪೂರ. ಅದರಡಿಯಲ್ಲಿ ಮಣ್ಣು. ಪುಷ್ಪಲತಾ ಬಿಳಿ ಬಟ್ಟೆಯೊಂದನ್ನು ಸುತ್ತಿ ಬಾಣಲೆಯ ಕಿವಿ ಹಿಡಿದಿದ್ದಳು. ಕರಿ ದಾರದ ತುದಿ ಅವಳ ಬೆರಳಿನಿಂದ ಜೋತಾಡುತ್ತಿತ್ತು.

"ಅದೆಲ್ಲಿತ್ತು?"

"ನಿಮ್ಮ ಚೀಲದಾಗೆ. ಒದ್ದೆ ಐತಲ್ಲ, ಕೈ ಸುಡಲ್ಲ ಅಂತ ತಗೊಂಡೆ."

ಕಿತ್ತುಕೊಂಡು ಹಿತ್ತಲಿಗೆ ಎಸೆದ. ಬಾಣಲೆ ಇಳಿಸಿ ಗುಂಡಿ ತಿರುಗಿಸಿದ. ಕೆಂಪು ಇಳಿಯಲಿಲ್ಲ. ಸ್ವಿಚ್ಚು ಒತ್ತಿದ. ಇಳಿಯಲಿಲ್ಲ. ಬ್ರೇಕರನ್ನು ಕೈಯಾರೆ ಕೆಳಗೆಳೆದ. ಮನೆಯ ಫ್ಯಾನೆಲ್ಲ ನಿಂತಿತು. ಒಲೆ ಉರಿಯುತ್ತಿತ್ತು. ಪ್ಲಗ್ಗು ಕಿತ್ತ. ತಂತಿ ಅವನ ಕೈಯಲ್ಲಿ ಸತ್ತ ಹಾವಿನಂತೆ ನೇತಾಡಿತು. ಒಲೆ ಉರಿಯುತ್ತಿತ್ತು. ಕೆಂಪಗೆ. ತಂತಿಯಿಲ್ಲದೆ. ಕರೆಂಟಿಲ್ಲದೆ.

"ಏನ್ರಿ ಇದು?" ಪುಷ್ಪಲತಾ ಹಿಂದೆ ಸರಿದು ಗೋಡೆಗೆ ಒರಗಿದಳು. ಅಭ್ಯಾಸದಂತೆ ಅವಳ ಕೈ ಹೊಟ್ಟೆಯ ಮೇಲೆ ಹೋಯಿತು. ಅಲ್ಲೇ ನಿಂತಿತು.

"ರೀ," ಎಂದಳು ಮೆಲ್ಲಗೆ. "ಬೆಳಿಗ್ಗಿಂದ ಕೂಸು ಒದ್ದೇ ಇಲ್ಲ. ನಿದ್ದಿ ಮಾಡ್ತೈತೆ ಅಂದ್ಕಂಡಿದ್ದೆ."

ಪರಶುರಾಮ ಒಲೆಯ ಮುಂದೆ ಮೊಣಕಾಲೂರಿದ. ಯಾವ ಸದ್ದನ್ನು ನಿಲ್ಲಿಸುತ್ತೇನೆಂದು ಹಟ ತೊಟ್ಟಿದ್ದನೋ ಅದೇ ಸದ್ದಿಗಾಗಿ ಈಗ ಬೇಡಿಕೊಂಡ. ಬೀಳು. ಒಂದು ಸಲ ಬೀಳು. ಆರು. ಸುರುಳಿ ಅವನ ಮುಖವನ್ನು ಕೆಂಪಗೆ ಬೆಳಗುತ್ತಿತ್ತು.

ಓಣಿಯ ತುದಿಗೆ ಓಡಿ ಆಟೋ ತಂದ. ಪುಷ್ಪಲತಾಳನ್ನು ಎರಡೂ ಕೈಯಲ್ಲಿ ಹಿಡಿದು ಕೂರಿಸಿದ. "ಅವ್ವಾ, ಆ ಒಲೆ ಮುಟ್ಟಬ್ಯಾಡ. ದೂರ ಕೂತು ನೋಡ್ತಿರು. ಅದು ಆರಿದ್ರೆ ನಂಗೆ ಫೋನ್ ಮಾಡು. ಆರಿದ ಕೂಡ್ಲೇ ಮಾಡು."

ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಕರೆದುಕೊಂಡು ಹೋದರು. ಅರ್ಧ ತೆರೆದ ಬಾಗಿಲ ಹೊರಗೆ ಪರಶುರಾಮ ನಿಂತ. ಫಿನಾಯಿಲಿನ ಘಾಟು. ಒಳಗೆ ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರದ ಹಿಡಿಕೆ ಸರಿಸುತ್ತಿದ್ದಳು. ಆ ಕಡೆಗೆ ಒಮ್ಮೆ. ಈ ಕಡೆಗೆ ಒಮ್ಮೆ. ಯಂತ್ರ ಬರಿದೇ ಗಾಳಿಯಂತೆ ಸುಯ್ಗುಡುತ್ತಿತ್ತು. ಪುಷ್ಪಲತಾ ಡಾಕ್ಟರಮ್ಮನ ಮುಖವನ್ನೇ ನೋಡುತ್ತಿದ್ದಳು. ಡಾಕ್ಟರಮ್ಮ ಅವಳ ಮುಖ ನೋಡುತ್ತಿರಲಿಲ್ಲ.

ಫೋನು ಹೊಡೆದುಕೊಂಡಿತು.

"ಪರಶೂ," ಎಂದಳು ಓಬವ್ವ. ದನಿಯಲ್ಲಿ ಹಿಗ್ಗಿತ್ತು. "ಒಲೆ ಆರ್ತಪ್ಪಾ."

ಅವನ ಕಣ್ಣು ತುಂಬಿ ಬಂತು. ಉಳಿಯಿತು. ಕೂಸು ಉಳಿಯಿತು. "ಈಗ ಆರ್ತಾ ಅವ್ವಾ? ಈಗಲೇನಾ?"

"ಇಲ್ಲಪ್ಪಾ, ಆಗಲೇ. ನಿನ್ನ ನಂಬರು ಹಚ್ಚಾಕೆ ಬರ್ದೆ ಪಕ್ಕದ ಮನೆಯೋರನ್ನ ಕರೆದೆ. ನಿಮ್ಮ ಆಟೋ ಓಣಿ ದಾಟ್ತು ನೋಡು, ಅಷ್ಟೇ. ಯಾರೋ ಊದಿದಂಗೆ ಆರಿಬಿಡ್ತು. ಈಗ ಮುಟ್ಟಿದ್ರೆ ಮಂಜಿನಂಗೆ ತಣ್ಣಗೈತೆ."

ಪರಶುರಾಮ ಫೋನನ್ನು ಕಿವಿಯಿಂದ ಇಳಿಸಿದ.

ಹೆಣ ಇರುವ ಮನೆಯಲ್ಲೇ ಹತ್ತಲಿ ಎಂದಿದ್ದಳು ಮಗನನ್ನು ಕಳಕೊಂಡ ಆ ತಾಯಿ. ಆಟೋ ಓಣಿ ದಾಟಿತು. ಮನೆಯಲ್ಲಿ ಇದ್ದದ್ದು ಮನೆ ಬಿಟ್ಟು ಹೊರಟಿತು. ಒಲೆ ಆರಿತು.

ಒಳಗೆ ಯಂತ್ರದ ಸುಯ್ಲು ನಿಂತಿತು. ಡಾಕ್ಟರಮ್ಮ ಪುಷ್ಪಲತಾಳ ಹೊಟ್ಟೆಯನ್ನು ಬಟ್ಟೆಯಿಂದ ನಿಧಾನವಾಗಿ ಒರೆಸುತ್ತಿದ್ದಳು. ಬಿಳಿ ಬಟ್ಟೆ. ಒರೆಸಿ, ಬಾಗಿಲ ಕಡೆ ತಿರುಗಿ, ಒಳಗೆ ಬರುವಂತೆ ಅವನಿಗೆ ಕಣ್ಣಿನಲ್ಲೇ ಹೇಳಿದಳು.

"ಪರಶೂ, ಅದೀಯೇನೋ?" ಫೋನಿನಲ್ಲಿ ಓಬವ್ವ ಕೂಗುತ್ತಿದ್ದಳು. "ಹಸ್ಕಂಡು ಬರ್ತೀರಿ. ನಮ್ಮ ಗ್ಯಾಸಿನ ಮೇಲೇ ಒಂದಿಷ್ಟು ಅನ್ನಕ್ಕಿಡ್ಲಾ?"

ಅವನು ಬಾಗಿಲ ಕಡೆ ಹೆಜ್ಜೆ ಇಟ್ಟ.

"ಬ್ಯಾಡವ್ವಾ," ಎಂದ. "ಇವತ್ತು ಒಲೆ ಹಚ್ಚಬ್ಯಾಡ."