ಕದ್ದ ಬಾಗಿಲಿನ ಪಂಚನಾಮೆ

ಬುಧವಾರ ಬೆಳಿಗ್ಗೆ 9.10ಕ್ಕೆ ಠಾಣೆಗೆ ಬಂದ ದೂರು ಒಂದು ಬಾಗಿಲು ಕಳುವಾದ ಬಗ್ಗೆ. ಬಾಗಿಲು ಮುರಿದು ಕಳ್ಳತನ ಮಾಡಿದವರನ್ನು ಇನ್‌ಸ್ಪೆಕ್ಟರ್ ತಮ್ಮ ಇಪ್ಪತ್ತಾರು ವರ್ಷದ ಸೇವೆಯಲ್ಲಿ ಬೇಕಾದಷ್ಟು ಕಂಡಿದ್ದರು. ಬಾಗಿಲನ್ನೇ ಹೊತ್ತುಕೊಂಡು ಹೋದವರನ್ನು ಮಾತ್ರ ಇನ್ನೂ ಕಂಡಿರಲಿಲ್ಲ. ಎದುರಿಗೆ ಕೂತಿದ್ದ ಐಸ್‌ಕ್ರೀಂ ಕಾರ್ಖಾನೆಯ ಮ್ಯಾನೇಜರ್ ಮುಖ ನೋಡಿ, ನಗು ಕಾಣದಂತೆ ಮೀಸೆ ತೀಡಿಕೊಂಡರು.

ಕಳುವಾದದ್ದು ಕೋಲ್ಡ್ ರೂಮಿನ ಹಳೇ ಬಾಗಿಲು, ಚೌಕಟ್ಟಿನ ಸಮೇತ. ಎರಡು ತಿಂಗಳ ಹಿಂದೆ ಹೊಸ ಬಾಗಿಲು ಕೂರಿಸಿದಾಗ ಹಳೆಯದನ್ನು ಹಿಂದಿನ ಶೆಡ್ಡಿಗೆ ಹಾಕಿದ್ದರು. ಮಂಗಳವಾರ ಸಂಜೆ ನೋಡಿದರೆ ಅದು ಅಲ್ಲಿರಲಿಲ್ಲ.

"ಯಾರ ಮೇಲಾದ್ರೂ ಅನುಮಾನ ಇದೆಯಾ?"

"ಅನುಮಾನ ಏನು ಬಂತು ಸಾರ್, ಅವಳೇ. ನಾವು ಕೆಲಸದಿಂದ ತೆಗೆದ ಪಾಳಿ ಮೇಲ್ವಿಚಾರಕಿ. ನಾಳೆ ಮೂರು ಗಂಟೆಗೆ ಅವಳ ಮೇಲ್ಮನವಿ ವಿಚಾರಣೆ ಇದೆ. ಅಷ್ಟರೊಳಗೆ ಏನಾದ್ರೂ ಮಾಡಿ."

ಆ 'ಅಷ್ಟರೊಳಗೆ' ಇನ್‌ಸ್ಪೆಕ್ಟರ್ ಕಿವಿಗೆ ಸರಿಬೀಳಲಿಲ್ಲ. ಗುಜರಿ ಬಾಗಿಲಿಗೆ ಇಷ್ಟೊಂದು ಅವಸರ ಯಾಕಪ್ಪಾ ಎಂದುಕೊಂಡರು. ಆದರೆ ದೂರು ದೂರೇ. 9.40ಕ್ಕೆ ಎಫ್‌ಐಆರ್ ದಾಖಲಾಯಿತು. ಬಾಗಿಲು ತಮ್ಮದೇ ಎಂದು ತೋರಿಸಲು ಮ್ಯಾನೇಜರ್ ಸ್ಟೋರಿನ ಚೀಟಿಯೊಂದನ್ನು ದೂರಿಗೆ ಲಗತ್ತಿಸಿ ಹೋದರು.

ದೂರು ಬರೆದುಕೊಂಡವಳು ಮಹಿಳಾ ಹೆಡ್ ಕಾನ್‌ಸ್ಟೆಬಲ್. ಠಾಣೆಯಲ್ಲೆಲ್ಲ ಅವಳನ್ನು ಗಡಿಯಾರದಕ್ಕ ಎಂದೇ ಕರೆಯುವುದು. ಅವಳ ಪಂಚನಾಮೆಯಲ್ಲಿ ಸಾಲು ಸಾಲಿಗೂ ಸಮಯ ಇರುತ್ತಿತ್ತು. ಒಂದು ಸೈಕಲ್ ಕಳ್ಳತನದಲ್ಲಿ, ಸೈಕಲ್ ಮೇಲೆ ಕಾಗೆ ಬಂದು ಕೂತದ್ದು 4.17ಕ್ಕೆ, ಹಾರಿಹೋದದ್ದು 4.19ಕ್ಕೆ ಎಂದು ಬರೆದಿದ್ದಳು. ಕಾಗೆಯೂ ಸಾಕ್ಷಿಯೋ ಎಂದು ವಕೀಲರು ಕೇಳಿ ಕೋರ್ಟಿನಲ್ಲಿ ಇನ್‌ಸ್ಪೆಕ್ಟರ್ ಮಾನ ಹರಾಜಾಗಿತ್ತು. ಅಂದಿನಿಂದ ಅವಳು ಬರೆದದ್ದರಲ್ಲಿ ಅರ್ಧ ಹೊಡೆದು ಹಾಕುವುದೇ ಅವರಿಗೊಂದು ಕೆಲಸ.

ಮೇಲ್ವಿಚಾರಕಿಯ ಮನೆ ಮುಟ್ಟಿದಾಗ 11 ಗಂಟೆ. ಮಹಡಿಯ ಮೇಲೆ ಎರಡು ಕೋಣೆ. ಪೊಲೀಸರನ್ನು ಕಂಡು ಅವಳ ಮುಖ ಬಿಳಿಚಿಕೊಂಡಿತು. ಒಳಗಿನಿಂದ ಅತ್ತೆ ಇಣುಕಿ ನೋಡಿದರು. ಬಾಗಿಲು ಕಳುವಾಗಿದೆ ಎಂದಾಗ ಅವಳು ಪೆಚ್ಚಾಗಿ ನಿಂತಳು.

"ಎಲ್ಲಿಂದ ಕಳುವಾಯ್ತು ಸಾರ್? ಅದು ಇಲ್ವೇ ಇಲ್ಲ ಅಂತ ಬರೆದು ಕೊಟ್ಟಿದ್ದಾರಲ್ಲ."

ಫೈಲು ತಂದು ಬಿಡಿಸಿಟ್ಟಳು. ಎರಡು ತಿಂಗಳ ಹಿಂದೆ, ಪಾಳಿ ಮುಗಿಸಿ ಕೋಲ್ಡ್ ರೂಮಿನ ಬಾಗಿಲು ಹಾಕಿ ಮನೆಗೆ ಬಂದಿದ್ದಳಂತೆ. ಕೊಂಡಿ ಬಿದ್ದ ಸದ್ದು ತನ್ನ ಕಿವಿಯಾರೆ ಕೇಳಿದ್ದಳಂತೆ. ಬೆಳಿಗ್ಗೆ ನೋಡಿದರೆ ಬಾಗಿಲು ಹಾರುಹೊಡೆದಿದೆ, ಒಂದು ವಾರದ ಐಸ್‌ಕ್ರೀಂ ಕರಗಿ ನೆಲದ ಮೇಲೆ ಹರಿದಿದೆ. ಒಳ ವಿಚಾರಣೆ ನಡೆಯಿತು. ಬಾಗಿಲು ಸರಿಯಿದೆ ಎಂದು ಕಾರ್ಖಾನೆಯ ಮೆಕ್ಯಾನಿಕ್ ಹೇಳಿದ. ಹನ್ನೊಂದು ವರ್ಷದ ಕೆಲಸ ಒಂದೇ ಕಾಗದದಲ್ಲಿ ಹೋಯಿತು. ಮೇಲ್ಮನವಿ ಸಮಿತಿಯವರದು ಒಂದೇ ಷರತ್ತು: ಹಳೇ ವಾದ ಬೇಡ, ಮೊದಲ ವಿಚಾರಣೆಯಲ್ಲಿ ಕೈಗೆ ಸಿಗದ ಹೊಸ ಸಾಕ್ಷ್ಯ ಇದ್ದರೆ ತನ್ನಿ. ಬಾಗಿಲನ್ನೇ ಪರೀಕ್ಷಿಸಿ ಎಂದು ಇವಳು ಬರೆದಳು. ಅದನ್ನು ಆ ವಾರವೇ ಗುಜರಿಗೆ ಹಾಕಿ ಆಯಿತು ಎಂದು ಮ್ಯಾನೇಜರ್ ಉತ್ತರ ಕೊಟ್ಟರು. ಸಹಿ, ಮೊಹರು ಎಲ್ಲ ಇತ್ತು.

ನಿನ್ನೆವರೆಗೂ ಶೆಡ್ಡಿನಲ್ಲಿತ್ತು ಎಂಬ ದೂರಿಗೂ ಅದೇ ಸಹಿ, ಅದೇ ಮೊಹರು. ಇನ್‌ಸ್ಪೆಕ್ಟರ್ ಕಾಗದವನ್ನು ಗಡಿಯಾರದಕ್ಕನ ಕಡೆ ದಾಟಿಸಿದರು.

"ಕೆಲಸ ಇನ್ನೊಂದು ಹುಡುಕ್ಕೋಬಹುದು ಸಾರ್," ಅಂದಳು ಮೇಲ್ವಿಚಾರಕಿ, ದನಿ ತಗ್ಗಿಸಿ. "ಈಗ ಮನೇಲಿ ನಾನು ಬಾಗಿಲು ಹಾಕಿದ್ರೆ ಅತ್ತೆ ಎದ್ದು ಬಂದು ಇನ್ನೊಂದ್ಸಲ ನೋಡ್ತಾರೆ. ಅದನ್ನ ತಡ್ಕೊಳ್ಳೋಕೆ ಆಗಲ್ಲ."

ಮೆಟ್ಟಿಲು ಇಳಿಯುವಾಗ, ಇವಳು ಕದ್ದಿಲ್ಲ ಎಂದು ಗಡಿಯಾರದಕ್ಕ ಕಡ್ಡಿ ಮುರಿದಂತೆ ಹೇಳಿದಳು. ಅದನ್ನೂ ಎಷ್ಟು ಗಂಟೆಗೆ ಅಂತ ಬರ್ಕೋ ಎಂದು ಇನ್‌ಸ್ಪೆಕ್ಟರ್ ರೇಗಿಸಿದರು. ಅವಳು ನಿಜವಾಗಿಯೂ ಬರೆದುಕೊಂಡಳು.

ಮಧ್ಯಾಹ್ನ ಕಾರ್ಖಾನೆಯಲ್ಲಿ ಸ್ಥಳ ಪರಿಶೀಲನೆ ನಡೆಯಿತು. ಶೆಡ್ಡಿನ ಬೀಗ ಮುರಿದಿರಲಿಲ್ಲ. ಒಳಗಿನಿಂದ ಗೇಟಿನವರೆಗೂ ಧೂಳಿನಲ್ಲಿ ತಳ್ಳುಗಾಡಿಯ ಗಾಲಿಯ ಎರಡು ಗುರುತು ನೆಟ್ಟಗೆ ಹೋಗಿದ್ದವು. ಆದರೆ ಮಂಗಳವಾರ ಗೇಟಿನಲ್ಲಿದ್ದ ವಾಚ್‌ಮನ್‌ಗೆ ಬುಧವಾರ ವಾರದ ರಜೆ; ಮನೆಯಲ್ಲೂ ಸಿಗಲಿಲ್ಲ. ಗುರುವಾರ ಬೆಳಿಗ್ಗೆ 8.30ಕ್ಕೆ ಅವನು ಕೆಲಸಕ್ಕೆ ಬರುವಾಗ ಇಬ್ಬರೂ ಗೇಟಿನಲ್ಲೇ ನಿಂತಿದ್ದರು.

ವಾಚ್‌ಮನ್ ಮೊದಲು ತಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವನು, ಒಂದು ಮೊಳೆಯೂ ತನ್ನನ್ನು ದಾಟಿ ಹೋಗುವುದಿಲ್ಲ ಎಂದು ಕೊಚ್ಚಿಕೊಂಡ.

"ಬಾಗಿಲು?"

"ಅದು ಕಳುವಲ್ಲ ಸಾರ್. ಮೆಕ್ಯಾನಿಕ್ ಮಾಮ ತಗೊಂಡು ಹೋದ್ರು. ರಿಪೇರಿಗೆ ಅಂದ್ರು."

"ನೀನು ತಡೀಲಿಲ್ವಾ?"

"ಗಾಡಿ ಭಾರ ಇತ್ತು ಸಾರ್. ನಾನೇ ಹಿಂದಿನಿಂದ ತಳ್ಳಿದೆ."

ಗಡಿಯಾರದಕ್ಕ ಪುಸ್ತಕದಲ್ಲಿ ಮುಖ ಹುದುಗಿಸಿದಳು. ಅವಳ ಭುಜ ಕುಲುಕುತ್ತಿತ್ತು.

9.45ಕ್ಕೆ ಮೆಕ್ಯಾನಿಕ್ ಮನೆಯ ಹಿತ್ತಲು ತಲುಪಿದರು. ಹಿತ್ತಲ ನಡುವೆ, ಸುತ್ತ ಗೋಡೆಯೂ ಇಲ್ಲದೆ, ಕೋಣೆಯೂ ಇಲ್ಲದೆ, ಬಿಳಿ ಬಾಗಿಲೊಂದು ಚೌಕಟ್ಟಿನ ಸಮೇತ ಆನಿಕೆ ಕೊಟ್ಟು ನಿಂತಿತ್ತು. ಅದರ ಮುಂದೆ ಸ್ಟೂಲಿನ ಮೇಲೆ, ಕೈಗಡಿಯಾರ ಹಿಡಿದುಕೊಂಡು, ಐವತ್ತೆಂಟರ ಮೆಕ್ಯಾನಿಕ್ ಕೂತಿದ್ದ. ಕಾರ್ಖಾನೆಯವರಿಗೆಲ್ಲ ಅವನು ಮಾಮ. ಪೊಲೀಸರನ್ನು ಕಂಡು ಕಾಲಿಗೆ ಬುದ್ಧಿ ಹೇಳುವ ಬದಲು ಸ್ಟೂಲು ಬಿಟ್ಟುಕೊಟ್ಟ.

"ಬನ್ನಿ ಸಾರ್. ಮೂರು ಗಂಟೆಗೆ ಇದನ್ನ ನಾನೇ ಸಮಿತಿ ಮುಂದೆ ತಳ್ಕೊಂಡು ಹೋಗೋನಿದ್ದೆ."

"ಯಾಕೆ?"

"ಗುಜರಿ ಲಾರಿ ಬುಧವಾರ ಬರೋದಿತ್ತು. ಒಂದು ಸಲ ಅದರಲ್ಲಿ ಹೋದ್ರೆ ಮುಗೀತು. ಇದನ್ನ ಹಾಕಿ, ಹತ್ತು ನಿಮಿಷ ಕಾಯಿರಿ. ಆಮೇಲೆ ಮಾತಾಡೋಣ."

ಕದ್ದ ಮಾಲನ್ನು ಹಾಗೆ ತೆಗೆದುಕೊಂಡು ಹೋಗಲು ಬರುವುದಿಲ್ಲ, ಪಂಚರು ಬೇಕು. ಪಕ್ಕದ ಮನೆಯ ದರ್ಜಿಯನ್ನೂ ಮನೆಯ ಒಡತಿಯನ್ನೂ ಕರೆಸಿದರು. 10.05ಕ್ಕೆ ಇನ್‌ಸ್ಪೆಕ್ಟರ್ ತಾವೇ ಬಾಗಿಲು ಹಾಕಿದರು. ಕೊಂಡಿ ಟಕ್ಕೆಂದು ಬಿತ್ತು. ಎಳೆದು ನೋಡಿದರು, ಗಟ್ಟಿಯಾಗಿತ್ತು. ಎಲ್ಲರೂ ಪಿಕ್ಚರ್ ನೋಡಲು ಬಂದವರಂತೆ ಸಾಲಾಗಿ ನಿಂತರು. ಒಡತಿ ಬಾಡಿಗೆದಾರನ ಗುಣಗಾನ ಶುರು ಮಾಡಿದರು. 10.14ಕ್ಕೆ, ಯಾರೂ ಮುಟ್ಟದೆ, ಬಾಗಿಲು ನಿಟ್ಟುಸಿರು ಬಿಟ್ಟಂತೆ ಮೆಲ್ಲಗೆ ತೆರೆದುಕೊಂಡಿತು.

ಅಂಚಿನ ರಬ್ಬರು ಒಳಗಿನಿಂದ ಒತ್ತುತ್ತದೆ, ಕೊಂಡಿಯ ಮೂಗು ಸವೆದಿದೆ, ಕೂದಲೆಳೆಯಷ್ಟೇ ಜಾರಿ ಜಾರಿ ಕೊನೆಗೆ ಬಿಟ್ಟುಕೊಳ್ಳುತ್ತದೆ ಎಂದು ಮಾಮ ತೋರಿಸಿದ. ಇನ್ನೂ ಎರಡು ಸಲ ಹಾಕಿದರು. ಹನ್ನೊಂದು ನಿಮಿಷ, ಹತ್ತು ನಿಮಿಷ. ಗಡಿಯಾರದಕ್ಕ ಒಂದೊಂದನ್ನೂ ಬರೆದಳು. ತನ್ನ ಜನ್ಮ ಸಾರ್ಥಕವಾಯಿತು ಎನ್ನುವಂತಿತ್ತು ಅವಳ ಮುಖ.

ಆದರೂ ಇನ್‌ಸ್ಪೆಕ್ಟರ್ ತಲೆ ಕೆರೆದುಕೊಂಡರು. "ನೀನೇ ಕೊಂಡಿಗೆ ಅರ ಹಾಕಿ ತೇದಿದ್ದೀಯ ಅಂದುಬಿಡ್ತಾನೆ ಮ್ಯಾನೇಜರ್. ಎರಡು ದಿನ ನಿನ್ನ ಹಿತ್ತಲಲ್ಲಿತ್ತಲ್ಲ."

ಮಾಮನ ಮುಖ ಬಾಡಿತು. ಆಗ ಗಡಿಯಾರದಕ್ಕ ಕಡತ ತಿರುವಿ, ದೂರಿನ ಜತೆ ಮ್ಯಾನೇಜರ್ ಕೊಟ್ಟಿದ್ದ ಸ್ಟೋರಿನ ಚೀಟಿ ಹೊರಗೆಳೆದಳು. ಬಾಗಿಲು ಶೆಡ್ಡಿಗೆ ಬಂದ ದಿನ, ಅಂದರೆ ಎರಡು ತಿಂಗಳ ಹಿಂದೆ, ಸ್ಟೋರ್‌ಕೀಪರ್ ಬರೆದದ್ದು: 'ಹಳೇ ಬಾಗಿಲು ಒಂದು, ಚೌಕಟ್ಟು ಸಮೇತ. ಕೊಂಡಿ ಸವೆದಿದೆ. ಮುಚ್ಚಿದರೆ ನಿಲ್ಲುವುದಿಲ್ಲ.'

ಇನ್‌ಸ್ಪೆಕ್ಟರ್ ಮೀಸೆ ತೀಡುವುದನ್ನೂ ಮರೆತು ನಕ್ಕರು. ಆ ಪುಣ್ಯಾತ್ಮ ಮ್ಯಾನೇಜರ್ ಓದದೆಯೇ ಲಗತ್ತಿಸಿ, ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದ.

11.20ಕ್ಕೆ ಮಾಮನನ್ನು ದಸ್ತಗಿರಿ ಮಾಡಿದರು. ಠಾಣೆಯಲ್ಲಿ ಹೇಳಿಕೆ ಪಡೆದು, ದರ್ಜಿಯ ಜಾಮೀನಿನ ಮೇಲೆ ಬಿಟ್ಟಾಗ 1.30. ಪಂಚನಾಮೆ ಮತ್ತು ಚೀಟಿ ಸಮೇತ ದೂರಿನ ಪ್ರತಿ ಆರೋಪಿಗೆ ಕೊಡಬೇಕಾದದ್ದೇ. ಇನ್‌ಸ್ಪೆಕ್ಟರ್ ಮೊಹರು ಹಾಕಿ ಕೊಟ್ಟರು. ಸಮಿತಿಯ ಕಚೇರಿ ಎಲ್ಲಿದೆ, ಎಷ್ಟನೇ ಮಹಡಿ ಎಂದು ಯಾರೂ ಕೇಳದಿದ್ದರೂ ಹೇಳಿದರು. ಈ ಸಲ ಪಂಚನಾಮೆಯಲ್ಲಿ ಒಂದು ಸಾಲನ್ನೂ ಹೊಡೆದು ಹಾಕಿರಲಿಲ್ಲ.

5.10ಕ್ಕೆ ಮೇಲ್ವಿಚಾರಕಿ ಮಾಮನ ಜತೆ ಠಾಣೆಗೆ ಬಂದಳು. ವಜಾ ಆದೇಶ ರದ್ದಾಗಿತ್ತು; ಸುಳ್ಳು ಉತ್ತರ ಬರೆದದ್ದಕ್ಕೆ ಮ್ಯಾನೇಜರ್‌ಗೇ ನೋಟಿಸು ಹೋಗಿತ್ತು. ಸೋಮವಾರದಿಂದ ಕೆಲಸ. ಕಳ್ಳತನದ ಕೇಸಿನ್ನೂ ಮಾಮನ ತಲೆ ಮೇಲಿದೆ ಎಂದು ಇನ್‌ಸ್ಪೆಕ್ಟರ್ ನೆನಪಿಸಿದರೆ, ಅವನು ಸನ್ಮಾನ ಮಾಡಿಸಿಕೊಂಡವನ ಹಾಗೆ ಕೈ ಮುಗಿದ. ಅವಳು ನಗುತ್ತಲೇ ಅಳುತ್ತಿದ್ದಳು. ಸಮಿತಿಯ ಆದೇಶವನ್ನು ಅತ್ತೆಗೆ ಫೋನಿನಲ್ಲೇ ಎರಡು ಸಲ ಓದಿ ಹೇಳಿದ್ದಳಂತೆ.

ಅವರು ಹೋದ ಮೇಲೆ ಇನ್‌ಸ್ಪೆಕ್ಟರ್ ಮಾಮನ ಹೇಳಿಕೆಯ ಕೊನೆಯ ಪುಟ ತೆಗೆದರು.

'ಕಾರ್ಖಾನೆಯ ಒಳ ವಿಚಾರಣೆ ದಿನ, ಬಾಗಿಲು ನೋಡಿ ಬಂದು ಹೇಳು ಎಂದು ನನ್ನನ್ನು ಕಳಿಸಿದರು. ಊಟದ ಹೊತ್ತಾಗಿತ್ತು. ಒಂದು ಸಲ ಹಾಕಿ, ಸದ್ದು ಕೇಳಿ, ಸರಿಯಿದೆ ಎಂದು ಬಂದು ಹೇಳಿದೆ. ಹತ್ತು ನಿಮಿಷ ನಿಂತಿದ್ದರೆ ಗೊತ್ತಾಗುತ್ತಿತ್ತು. ಅವಳು ಕೆಲಸ ಬಿಟ್ಟು ಹೋಗುವಾಗ, ಹೋಗಿ ಬರ್ತೀನಿ ಮಾಮ ಎಂದಳು.'

ಕೆಳಗೆ ಗಡಿಯಾರದಕ್ಕ ಒಂದು ಸಾಲು ಸೇರಿಸಿದ್ದಳು: '12.21ರಿಂದ 12.25ರವರೆಗೆ ಆರೋಪಿಯು ಏನೂ ಮಾತನಾಡಲಿಲ್ಲ.'

ಇನ್‌ಸ್ಪೆಕ್ಟರ್ ಅಭ್ಯಾಸಬಲದಿಂದ ಕೆಂಪು ಪೆನ್ನು ಎತ್ತಿದರು. ಆ ಸಾಲನ್ನು ಇನ್ನೊಮ್ಮೆ ಓದಿ, ಪೆನ್ನು ಬದಲಾಯಿಸಿ, ಕೆಳಗೆ ಸಹಿ ಮಾಡಿದರು.