ಒಂದು ಗಂಟೆಯ ಚಿತ್ರ

1998ರ ಫೆಬ್ರುವರಿ 9, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಎಂಟು ನಿಮಿಷ. ಡ್ರಾಯಿಂಗ್ ಮೇಷ್ಟ್ರು ಡಾರ್ಕ್‌ರೂಮಿನಿಂದ ಹೊರಬಂದು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಳ್ಳುತ್ತ ಹಿಂದಿನ ಮೆಟ್ಟಿಲಿಗೆ ತಿರುಗಿದಾಗ, ಕೆಳಗೆ ಹೆಡ್ ಮೇಡಂ ಬಿದ್ದಿದ್ದರು. ಒಂದು ಚಪ್ಪಲಿ ಅರ್ಧ ದಾರಿಯ ಮೆಟ್ಟಿಲ ಮೇಲೇ ಉಳಿದಿತ್ತು. ಉಸಿರಿತ್ತು, ಪ್ರಜ್ಞೆ ಇರಲಿಲ್ಲ.

ಅವರನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಡಾಕ್ಟರು ಹೇಳಿದ ಮಾತು ಶಾಲೆಯನ್ನೆಲ್ಲ ನಡುಗಿಸಿತು. ಮೇಡಂ ಬಿದ್ದದ್ದು ಹನ್ನೊಂದಕ್ಕಿಂತ ಮೊದಲೇ. ತೋಳಿನ ಮೇಲೆ ನಾಲ್ಕು ಬೆರಳಿನ ಗುರುತು ಕಂದಿತ್ತು. ಯಾರೋ ಹಿಡಿದೆಳೆದು ತಳ್ಳಿದ್ದರು. ಬಿಗಿದ ಮುಷ್ಟಿಯೊಳಗೆ ಹರಿದ ಕಂದು ಕಾಗದದ ಒಂದು ಚೂರು ಸಿಕ್ಕಿತ್ತು.

ಅಂದು ಶಾಲೆಗೆ ಶಾಲೆಯೇ ಮೈದಾನದಲ್ಲಿ ಓಟದ ಪಂದ್ಯ ನೋಡುತ್ತಿತ್ತು. ಹತ್ತರಿಂದ ಹನ್ನೊಂದರವರೆಗೆ ಹಳೇ ಕಟ್ಟಡದಲ್ಲಿ ಇದ್ದವರು ಮೂವರೇ: ಹೆಡ್ ಮೇಡಂ, ಲೈಬ್ರೇರಿಯನ್, ಡ್ರಾಯಿಂಗ್ ಮೇಷ್ಟ್ರು.

"ಶನಿವಾರ ಮೇಡಂ ಜೊತೆ ಜಗಳ ಆಡಿದ್ರಂತೆ?" ಎಂದು ಮೇಷ್ಟ್ರನ್ನು ಕೇಳಿದರು ಇನ್ಸ್‌ಪೆಕ್ಟರ್.

"ಜಗಳ ಅಲ್ಲ ಸಾರ್. ಡಾರ್ಕ್‌ರೂಮ್ ಮುಚ್ಚಿಸ್ತೀನಿ ಅಂದ್ರು. ನನ್ನ ದನಿ ಸ್ವಲ್ಪ ಏರ್ತು."

"ಡಾರ್ಕ್‌ರೂಮಲ್ಲಿ ನಿಮ್ಮನ್ನ ನೋಡಿದವರು ಯಾರು?"

"ಕತ್ತಲೆ ಕೋಣೆ ಸಾರ್. ಯಾರು ನೋಡ್ತಾರೆ?"

ಇನ್ಸ್‌ಪೆಕ್ಟರ್ ನಗಲಿಲ್ಲ. ಡಾರ್ಕ್‌ರೂಮಿನ ಕಿಟಕಿಗೆ ಅಂಟಿಸಿದ್ದ ಕಂದು ಕಾಗದವನ್ನೂ ತಮ್ಮ ಕೈಯಲ್ಲಿದ್ದ ಚೂರನ್ನೂ ಒಟ್ಟಿಗೆ ಹಿಡಿದು ನೋಡಿದರು. "ನಾಳೆ ಸಂಜೆ ತನಕ ಊರು ಬಿಡಬೇಡಿ," ಎಂದರು.

ಲೈಬ್ರೇರಿಯನ್ನರಿಗೆ ಮಾತ್ರ ಬಲವಾದ ಸಾಕ್ಷಿಯಿತ್ತು. ಒಂಬತ್ತನೇ ತರಗತಿಯ ಮಕ್ಕಳು ಫೋಟೋಗ್ರಫಿ ಪ್ರಾಜೆಕ್ಟಿಗೆಂದು ಹಾಲಿನ ಪುಡಿಯ ಡಬ್ಬಿಗಳಿಗೆ ಸೂಜಿಯಷ್ಟು ತೂತು ಕೊರೆದು, ಒಳಗೆ ಫೋಟೋ ಕಾಗದ ಇಟ್ಟು ಕ್ಯಾಮರಾ ಮಾಡಿದ್ದರು. 'ಒಂದು ಗಂಟೆಯ ಚಿತ್ರ'ಕ್ಕೆ ಲೈಬ್ರರಿಯಲ್ಲೇ ಕೂರಲು ಲೈಬ್ರೇರಿಯನ್ ತಾವೇ ಮುಂದೆ ಬಂದಿದ್ದರು. ಗುಬ್ಬಿ ಎಂಬ ಅಡ್ಡಹೆಸರಿನ ಹುಡುಗಿ ಹತ್ತಕ್ಕೆ ಸರಿಯಾಗಿ ತೂತಿನ ಮೇಲಿನ ಕಪ್ಪು ಟೇಪು ಕಿತ್ತು, ನೆಲ ಅಲುಗಬಾರದೆಂದು ಗೆಳತಿಯರನ್ನೆಲ್ಲ ಮೈದಾನಕ್ಕೆ ಅಟ್ಟಿಕೊಂಡು ಹೋಗಿ, ಹನ್ನೊಂದಕ್ಕೆ ಬಂದು ಮುಚ್ಚಿದ್ದಳು. ತೊಳೆದ ಚಿತ್ರದಲ್ಲಿ ಲೈಬ್ರೇರಿಯನ್ ಕಪ್ಪು ಕೋಟು ತೊಟ್ಟು ಕಲ್ಲಿನ ಹಾಗೆ ಕೂತಿದ್ದರು.

"ಓಡಾಡಿದವರು ಈ ಡಬ್ಬಿ ಕಣ್ಣಿಗೆ ಬೀಳಲ್ಲ, ಕೂತವರು ಮಾತ್ರ ಬೀಳ್ತಾರೆ ಅಂತ ಕ್ಲಾಸಲ್ಲಿ ನೀವೇ ಹೇಳಿದ್ದಲ್ವಾ ಮೇಷ್ಟ್ರೇ?" ಎಂದು ಲೈಬ್ರೇರಿಯನ್ ಎಲ್ಲರೆದುರು ಕೇಳಿದಾಗ ಮೇಷ್ಟ್ರು ಹೌದೆನ್ನಲೇಬೇಕಾಯಿತು. ತಮ್ಮ ಪಾಠವೇ ತಮ್ಮ ಕೊರಳಿಗೆ ಸುತ್ತಿಕೊಂಡಂತಾಯಿತು.

ಅವರು ನೇರವಾಗಿ ಓಡಿದ್ದು ಹಾಸ್ಟೆಲ್ಲಿನ ಪಕ್ಕದ ಎರಡು ಕೋಣೆಯ ಮನೆಗೆ. ಅಲ್ಲಿದ್ದವರು ಭೌತಶಾಸ್ತ್ರ ಹೇಳಿಕೊಡುವ ವಾರ್ಡನ್. ಸದಾ ಅಳತೆ ಟೇಪು ಹಿಡಿದು ಓಡಾಡುವ ಅವರನ್ನು ಎಲ್ಲರೂ ಅಳತೆ ಅಕ್ಕ ಎನ್ನುತ್ತಿದ್ದರು. ಶಾಲೆಯಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ ಹುಡುಕಿ ಕೊಡುವುದು ಅವರೇ.

"ಅಕ್ಕಾ, ನಾಳೆ ಸಂಜೆ ನನ್ನ ಹಿಡ್ಕೊಂಡು ಹೋಗ್ತಾರೆ. ಮಗಳಿಗೆ ಏನಂತ ಹೇಳಲಿ?" ಮೇಷ್ಟ್ರು ನೀರಿನ ಲೋಟವನ್ನು ತಟ್ಟೆಗೆ ಟಕಟಕ ಕುಟ್ಟುತ್ತಿದ್ದರು.

"ಮೊದಲು ಲೋಟ ಕೆಳಗಿಡು ಮಾರಾಯ, ಒಡೆದೀಯ. ಆ ಚೂರು ನಾನೂ ನೋಡಿದೆ. ಅಂಚಿನಲ್ಲಿ ಸಾಸಿವೆಯಷ್ಟು ಅರಗು ಅಂಟಿದೆ. ನಿನ್ನ ಕಿಟಕಿಗೆ ಅಂಟಿಸಿದ್ದು ಯಾತರಲ್ಲಿ?"

"ಮೈದಾ ಅಂಟಿನಲ್ಲಿ."

"ಹಾಗಿದ್ರೆ ಅದು ನಿನ್ನ ಕಾಗದ ಅಲ್ಲ. ಕಂದು ಕಾಗದ ಸುತ್ತಿ ಅರಗಿನ ಮುದ್ರೆ ಹಾಕಿ ಇಡೋದು ಪರೀಕ್ಷೆಯ ಪ್ರಶ್ನೆಪತ್ರಿಕೆ ಕಟ್ಟನ್ನ. ಆ ಕಟ್ಟು ಇಡೋ ಬೀರು ಇರೋದು ಲೈಬ್ರರಿಯಲ್ಲಿ."

"ಆದ್ರೆ ಅವರು ಕುರ್ಚಿ ಬಿಟ್ಟು ಎದ್ದೇ ಇಲ್ವಲ್ಲ ಅಕ್ಕ!"

ಅಕ್ಕ ಗುಬ್ಬಿಯ ಚಿತ್ರವನ್ನು ಭೂತಗನ್ನಡಿಯ ಕೆಳಗೆ ಬಹಳ ಹೊತ್ತು ನೋಡಿದರು. ಕುರ್ಚಿಯ ಬೆನ್ನಿಗೆ ಬಿಳಿ ಬಣ್ಣದ ಪಟ್ಟಿಗಳಿದ್ದವು. ಕಪ್ಪು ಕೋಟಿನ ಎದೆಯ ಮೇಲೆ ಮೂರು ತೆಳು ಬೂದು ಗೆರೆಗಳು ಅಡ್ಡ ಹಾದಿದ್ದವು.

"ಕೋಟಿಗೆ ಗೆರೆ ಇದೆಯೇನೋ?"

"ಇಲ್ಲ. ಅದು ಅಪ್ಪಟ ಕಪ್ಪು ಕೋಟು."

"ಹೂಂ. ನಾಳೆ ಹತ್ತಕ್ಕೆ ನೀನು ಅದೇ ಕುರ್ಚಿಯಲ್ಲಿ ಕೂರಬೇಕು. ಅಂಥದೇ ಕೋಟು ಹಾಕ್ಕೊಂಡು. ನಾನು ಹೇಳೋ ತನಕ ಕತ್ತು ಕೂಡ ತಿರುಗಿಸಬೇಡ."

ಮರುದಿನವೂ ಹಿಂದಿನ ದಿನದಂತೆಯೇ ಮೋಡವಿಲ್ಲದ ಬಿಸಿಲು. ಅಕ್ಕ ನಾಲ್ಕು ಡಬ್ಬಿಗಳನ್ನು ಸಾಲಾಗಿ ಇಟ್ಟು, ಮೂರು ಮೂರು ನಿಮಿಷದ ಅಂತರದಲ್ಲಿ ಒಂದೊಂದನ್ನೇ ತೆರೆದು, ಗಡಿಯಾರ ಹಿಡಿದು ಬಾಗಿಲಾಚೆ ನಿಂತರು. ಮೇಷ್ಟ್ರು ಮೊದಲ ಡಬ್ಬಿ ತೆರೆಯುವ ಮುನ್ನವೇ ಕೂತಿದ್ದರು. ಅರ್ಧ ಗಂಟೆ ಕಳೆದಿರಬೇಕು, ಒಳಕೋಣೆಯ ಬಾಗಿಲು ಕಿರ್ ಎಂದಿತು. ಬೆನ್ನ ಹಿಂದೆ ಹೆಜ್ಜೆ ಹತ್ತಿರ ಬಂದು ನಿಂತಿತು.

"ಏನ್ ಮೇಷ್ಟ್ರೇ, ನನ್ನ ಕುರ್ಚಿಗೇ ಬಂದ್ಬಿಟ್ರಾ?" ಲೈಬ್ರೇರಿಯನ್ನರ ದನಿ ಕಿವಿಗೆ ಅಂಟಿಕೊಂಡಂತಿತ್ತು. "ನಾಲ್ಕು ಡಬ್ಬಿ ಯಾಕೆ?"

ತಿರುಗಿದರೆ ಚಿತ್ರ ಕೆಡುತ್ತದೆ, ತಿರುಗದಿದ್ದರೆ ಅವರ ಕೈಯಲ್ಲಿ ಏನಿದೆಯೋ ಗೊತ್ತಾಗುವುದಿಲ್ಲ. ಕುರ್ಚಿಯ ಬೆನ್ನನ್ನು ಯಾರೋ ಹಿಡಿದಂತೆ ಮರ ಮೆಲ್ಲಗೆ ಸದ್ದು ಮಾಡಿತು. ಮೇಷ್ಟ್ರು ಕಣ್ಣು ಮಾತ್ರ ಮುಚ್ಚಿಕೊಂಡರು. ಆಚೆಯಿಂದ ಅಕ್ಕ ಕೆಮ್ಮಿದರು. ಹೆಜ್ಜೆ ದೂರ ಸರಿಯಿತು.

ಮೊದಲ ಡಬ್ಬಿ ತೆರೆದು ಐವತ್ತೈದು ನಿಮಿಷವಾದಾಗ ಅಕ್ಕ ಕರೆದರು. ಮೇಷ್ಟ್ರು ಎದ್ದು ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಖಾಲಿ ಕುರ್ಚಿಯ ಮುಂದೆ ಡಬ್ಬಿಗಳನ್ನು ಅಕ್ಕ ಐದು ನಿಮಿಷದ ಮೇಲೆ ಮೊದಲನೆಯದನ್ನು, ಆಮೇಲೆ ಮೂರು ಮೂರು ನಿಮಿಷ ಬಿಟ್ಟು ಉಳಿದವನ್ನು ಮುಚ್ಚಿದರು.

ಸಂಜೆ ನಾಲ್ಕಕ್ಕೆ ಲೈಬ್ರರಿಯ ಮೇಜಿನ ಸುತ್ತ ಎಲ್ಲರೂ ಸೇರಿದರು. ಇನ್ಸ್‌ಪೆಕ್ಟರ್ ಮೇಷ್ಟ್ರ ಪಕ್ಕದಲ್ಲೇ, ಬಾಗಿಲಿಗೆ ಹತ್ತಿರವಾಗಿ ಕೂತಿದ್ದರು. ಅಕ್ಕ ಐದು ಚಿತ್ರಗಳನ್ನು ಹರಡಿದರು.

"ಮೇಷ್ಟ್ರು ಕ್ಲಾಸಲ್ಲಿ ಹೇಳಿದ್ದು ನಿಜ. ಹಾದುಹೋಗೋರು ಈ ಡಬ್ಬಿಗೆ ಬೀಳಲ್ಲ. ಆದ್ರೆ ಅದು ಅರ್ಧ ಪಾಠ. ಕೂತವರು ನಡುವೆ ಎದ್ದು ಹೋದ್ರೆ, ಆ ಹೊತ್ತಿನಲ್ಲಿ ಡಬ್ಬಿ ಅವರ ಹಿಂದಿರೋದನ್ನ ನೋಡ್ತಾ ಇರುತ್ತೆ. ಈ ಕೋಟಿನೊಳಗಿಂದ ಕುರ್ಚಿಯ ಪಟ್ಟಿ ಕಾಣ್ತಿದೆ. ಎದೆಯೊಳಗಿಂದ ಕುರ್ಚಿ ಕಾಣೋದು ಹೇಗೆ ಸಾರ್?"

"ಓದ್ತಾ ಸ್ವಲ್ಪ ಬಗ್ಗಿರ್ತೀನಮ್ಮ," ಎಂದು ಲೈಬ್ರೇರಿಯನ್ ನಕ್ಕರು. "ಮನುಷ್ಯ ಅಲ್ವಾ ನಾನು?"

"ಬಗ್ಗಿದ್ರೆ ಅಂಚು ಮಸುಕಾಗುತ್ತೆ, ನಡು ಎದೆ ತೆಳುವಾಗಲ್ಲ. ನಿಮ್ಮ ಭುಜದ ಅಂಚು ನೋಡಿ, ಎರಡಿದೆ, ಎರಡೂ ಚೂಪಾಗಿದೆ. ಒಮ್ಮೆ ಕೂತ್ರಿ, ಎದ್ದು ಹೋದ್ರಿ, ಬಂದು ಬೆರಳಗಲ ಪಕ್ಕಕ್ಕೆ ಕೂತ್ರಿ. ಈ ನಾಲ್ಕೂ ಚಿತ್ರಕ್ಕೆ ಬೆಳಕು ಬಿದ್ದಿದ್ದು ಅರವತ್ತೇ ನಿಮಿಷ. ಅದರಲ್ಲಿ ಕುರ್ಚಿ ಖಾಲಿ ಇದ್ದದ್ದು ಮೊದಲನೇದರಲ್ಲಿ ಐದು ನಿಮಿಷ, ಆಮೇಲೆ ಎಂಟು, ಹನ್ನೊಂದು, ಹದಿನಾಲ್ಕು. ಗುಬ್ಬಿ, ನಿನ್ನ ಚಿತ್ರದ ಗೆರೆ ಯಾವುದಕ್ಕೆ ಹೊಂದುತ್ತೆ, ಇಟ್ಟು ನೋಡು."

ಗುಬ್ಬಿ ತನ್ನ ಚಿತ್ರವನ್ನು ಒಂದೊಂದರ ಪಕ್ಕ ಇಟ್ಟು, ಮೂರನೆಯದರ ಬಳಿ ನಿಲ್ಲಿಸಿದಳು. "ಹನ್ನೊಂದು, ಅಕ್ಕ."

"ಇಲ್ಲಿಂದ ಆ ಹಿಂದಿನ ಮೆಟ್ಟಿಲ ಮೇಲಕ್ಕೆ ಹೋಗಿ ಬರೋಕೆ ನನಗೆ ನಾಲ್ಕು ನಿಮಿಷ ಸಾಕಾಯ್ತು. ಬೀರುವಿನ ಬೀಗದ ಕೈ ಇರೋದು ಹೆಡ್ ಮೇಡಂ ಹತ್ತಿರ, ನಿಮ್ಮ ಹತ್ತಿರ. ಇನ್ಸ್‌ಪೆಕ್ಟರ್ ಈಗ ಬೀರು ತೆಗೆಸಿದ್ರೆ ಮುದ್ರೆ ಒಡೆದ ಕಟ್ಟು ಸಿಗುತ್ತೆ."

ಲೈಬ್ರೇರಿಯನ್ನರ ಕೈ ಜೇಬಿಗೆ ಹೋಯಿತು. ಮೇಷ್ಟ್ರು ಬೆಚ್ಚಿ ಕುರ್ಚಿ ಸಮೇತ ಹಿಂದೆ ಸರಿದರು. ಹೊರಬಂದದ್ದು ಬೀಗದ ಕೈ. ಅದನ್ನು ಮೇಜಿನ ಮೇಲೆ ಇಟ್ಟರು.

"ತಂಗಿ ಮಗ ಎರಡು ಸಲ ಫೇಲಾಗಿದ್ದ," ಎಂದರು, ಯಾರ ಮುಖವನ್ನೂ ನೋಡದೆ. "ಅವನಿಗೋಸ್ಕರ ಪ್ರಶ್ನೆಪತ್ರಿಕೆ ಕಟ್ಟು ಹರಿದೆ. ಅದು ಮೇಡಂ ಕೈಗೆ ಸಿಕ್ತು. ಹತ್ತೂವರೆಯ ಗಂಟೆ ಬಾರಿಸಿದಾಗ ಮೇಲೆ ಬಾ ಅಂದಿದ್ರು. ಚಿತ್ರಕ್ಕೆ ಕೂತಿರ್ತೀನಿ, ನಡುವೆ ಎದ್ದು ಹೋಗಿ ಕಾಲು ಹಿಡ್ಕೊಂಡ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಕೊಡಲ್ಲ ಅಂದ್ರು. ಕಿತ್ಕೊಂಡೆ. ಬೀಳ್ತಾರೆ ಅಂತ ಅಂದ್ಕೊಂಡಿರಲಿಲ್ಲ."

ಇನ್ಸ್‌ಪೆಕ್ಟರ್ ಎದ್ದು ಮೇಷ್ಟ್ರ ಪಕ್ಕದಿಂದ ಲೈಬ್ರೇರಿಯನ್ನರ ಪಕ್ಕಕ್ಕೆ ಹೋದರು. ಮೇಷ್ಟ್ರಿಗೆ ಉಸಿರು ಬಂತು. ಆದರೆ ಅವರು ಗುಬ್ಬಿಯ ಚಿತ್ರದಲ್ಲಿನ ಎರಡನೆಯ ಅಂಚನ್ನೇ ನೋಡುತ್ತಿದ್ದರು, ಕೂದಲೆಳೆಯಷ್ಟೂ ಅಲುಗದ ಅಂಚನ್ನು.

"ಅಕ್ಕ," ಎಂದರು ಮೆಲ್ಲಗೆ, "ಮೇಡಂ ಅಲ್ಲಿ ಕೆಳಗೆ ಬಿದ್ದಿದ್ದಾಗ ಇವರು ಇಲ್ಲಿ ಬಂದು ಹೀಗೆ ಕೂತಿದ್ರಲ್ಲ. ಎಷ್ಟು ಹೊತ್ತು?"

ಅಕ್ಕನಿಗೆ ಕಾಗದ ಪೆನ್ಸಿಲ್ ಬೇಕಾಗಲಿಲ್ಲ.

"ಹತ್ತೊಂಬತ್ತು ನಿಮಿಷ."