ಭಾನುವಾರದ ಅರ್ಧ ಗಂಟೆ

“ಕಣ್ಣು ಮುಚ್ಚಿದ್ರೆ ಹಾರ್ನ್ ಹೊಡೀತೀನಿ ನೋಡಿ!”

ಎದುರು ಮನೆಯ ನಿವೃತ್ತ ಬಸ್ ಡ್ರೈವರ್ ಹೀಗೆ ಗದರಿದಾಗಲೆಲ್ಲ ಟೈಲರಮ್ಮನಿಗೆ ಒಳಗೊಳಗೇ ಹಿಗ್ಗು. ಅವನ ಗಂಟಲಿಗೆ ಹೆದರಿ ಇಡೀ ಬಿಲ್ಡಿಂಗ್ ಅವನನ್ನು ಹಾರ್ನ್ ಮಾಮ ಎನ್ನುತ್ತಿತ್ತು.

ಮೂಳೆ ಸವೆತಕ್ಕೆ ಅವಳದು ವಾರಕ್ಕೊಂದು ಮಾತ್ರೆ. ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂರಬೇಕು. ಮಲಗಿದರೆ ಗಂಟಲಿಂದ ಎದೆಯವರೆಗೆ ಉರಿ. ಅವನ ಹೆಂಡತಿಯೂ ಬದುಕಿದ್ದಾಗ ಅದನ್ನೇ ನುಂಗುತ್ತಿದ್ದಳು. ಹಾಗಾಗಿ, ಮಾತ್ರೆಯ ಖಾಲಿ ಪಟ್ಟಿ ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದ ಟೈಲರಮ್ಮನನ್ನು ಒಮ್ಮೆ ಕಿಟಕಿಯಿಂದ ಕಂಡವನೇ ಓಡಿ ಬಂದಿದ್ದ. ಆಮೇಲೆ ಪ್ರತಿ ಭಾನುವಾರ ಬಂದ.

ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿಯಾದರೂ ಅವಳನ್ನು ಎಚ್ಚರವಿಡುತ್ತಿದ್ದ. ಅವಳು ಬೇಕೆಂದೇ ಆಕಳಿಸುತ್ತಿದ್ದಳು. ಅವನು ಕೆರಳಿದಂತೆ ನಟಿಸುತ್ತಿದ್ದ. ಇಬ್ಬರಿಗೂ ನಾಟಕ ಗೊತ್ತಿತ್ತು.

ಐದು ವರ್ಷವಾದ ಮೇಲೆ ಬಂದು ತೋರಿಸಿ, ಮಾತ್ರೆ ನಿಲ್ಲಿಸಬಹುದೇನೋ ನೋಡೋಣ ಎಂದು ಡಾಕ್ಟರ್ ಹೇಳಿದ್ದರು. ಅವಳು ಹೋಗಲೇ ಇಲ್ಲ. ಒಂಬತ್ತು ವರ್ಷವಾಯಿತು. ಈಚೆಗೆ ಹೊಲಿಗೆ ಮೆಷಿನ್ ತುಳಿಯುವಾಗ ಬಲತೊಡೆಯ ಒಳಗೆಲ್ಲೋ ನೋವು. ಅದರ ಬಗ್ಗೆಯೂ ಬಾಯಿ ಬಿಡಲಿಲ್ಲ.

ಆ ಭಾನುವಾರ ಅವನ ದನಿ ವಿಚಿತ್ರವಾಗಿ ತಗ್ಗಿತ್ತು.

“ಎದುರುಬದುರು ಎರಡು ಮನೆ ಯಾಕೆ ಬೇಕು ಹೇಳಿ? ಒಂದೇ ಸಾಕಲ್ವಾ, ನಮ್ಮಿಬ್ಬರಿಗೆ?”

ಈ ವಯಸ್ಸಿನಲ್ಲೂ ಅವಳ ಕೆನ್ನೆ ಬಿಸಿಯಾಯಿತು.

“ತಾಳಿ, ಕನ್ನಡಿ ನೋಡ್ಕೊಂಡು ಬಂದು ಹೇಳ್ತೀನಿ.”

ಎದ್ದು ತಿರುಗಿದಳು, ಅಷ್ಟೇ. ಲಟಕ್ಕೆಂದಿತು. ಬಿದ್ದು ಮೂಳೆ ಮುರಿಯಲಿಲ್ಲ. ಮೂಳೆ ಮುರಿದು ಬಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಕ್ಸ್‌ರೇ ಹಿಡಿದು ನಿಂತರು. “ಈ ಮಾತ್ರೆಯಿಂದ ಎಷ್ಟೋ ಜನರ ಮೂಳೆ ಉಳಿಯುತ್ತೆ. ಆದ್ರೆ ತುಂಬಾ ವರ್ಷ ತಗೊಂಡ್ರೆ ಅಪರೂಪಕ್ಕೆ ಕೆಲವರಿಗೆ ಹೀಗಾಗುತ್ತೆ. ಮೊದಲೇ ತೊಡೆ ನೋಯುತ್ತಿರಲಿಲ್ವಾ?”

“ನೋಯ್ತಿತ್ತು.”

“ಆಗಲೇ ಬರಬೇಕಿತ್ತಲ್ಲಮ್ಮ! ಇನ್ನೊಂದು ತೊಡೆಯಲ್ಲೂ ಸಣ್ಣ ಬಿರುಕಿದೆ. ಎರಡಕ್ಕೂ ರಾಡ್ ಹಾಕಬೇಕು.”

ಡಾಕ್ಟರಮ್ಮ ಹೋದ ಮೇಲೆ ಅವನು ಮಂಚದ ಕಂಬಿ ಹಿಡಿದ. “ಯಾಕ್ರೀ ಮುಚ್ಚಿಟ್ರಿ?”

“ಹೇಳಿದ್ರೆ ಮಾತ್ರೆ ನಿಲ್ಲಿಸ್ತಿದ್ರು. ಆಮೇಲೆ ಯಾವ ನೆಪ ಹೇಳ್ಕೊಂಡು ನಿಮ್ಮನ್ನ ಕರೀಲಿ?”

ನೋವಿನಲ್ಲೂ ಅವಳು ನಕ್ಕಳು. ಅವನು ನಗಲಿಲ್ಲ.

“ನನ್ನ ಹೆಂಡತಿಗೆ ಐದು ವರ್ಷಕ್ಕೇ ನಿಲ್ಲಿಸಿದ್ರು,” ಎಂದ. “ಯಾಕೆ ಅಂತಾನೂ ಹೇಳಿದ್ರು. ನನಗೆ ಗೊತ್ತಿತ್ತು. ನೀವು ಕುಂಟೋದೂ ಕಂಡಿದ್ದೆ. ಇನ್ನೊಂದು ಭಾನುವಾರ ಆಗಲಿ, ಆಮೇಲೆ ಹೇಳೋಣ, ಅಂತ...”

ಅವಳ ನಗು ಆರಿತು. ತಾನು ಪ್ರೀತಿಗೆ ಕೊಟ್ಟದ್ದು ತನ್ನ ಕಾಲನ್ನು. ಅವನು ಕೊಟ್ಟದ್ದೂ ಇವಳ ಕಾಲನ್ನೇ. ಅದು ಅವಳಿಗೆ ಮುರಿದ ಮೂಳೆಗಿಂತ ಹೆಚ್ಚು ನೋಯಿತು.

“ಹೋಗಿ ಆಚೆ,” ಎಂದಳು.

ಆಪರೇಷನ್ ಮುಗಿದು, ಭಾನುವಾರ ಬಂತು. ಈಗ ಮಾತ್ರೆಯಿಲ್ಲ. ಆದರೂ ಅದೇ ಹೊತ್ತಿಗೆ ವಾರ್ಡಿನ ಬಾಗಿಲಲ್ಲಿ ಅವನು ಬಂದು ನಿಂತ, ಬೆಳಗಿನಿಂದ ಏನೂ ತಿಂದಿರದ ಮುಖ. ಅವಳಿಗೆ ಸಿಟ್ಟು ಉಕ್ಕಿತು. ಜೊತೆಗೇ, ಛೀ, ಸಂತೋಷವೂ.

ಅವನು ಸ್ಟೂಲ್ ಎಳೆದುಕೊಂಡ.

“ಕೂರಬೇಡಿ.”

ಕ್ಲಚ್ ತುಳಿದೂ ತುಳಿದೂ ಅವನ ಎಡಮೊಣಕಾಲು ಸವೆದಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತು. ಅವನು ನಿಂತ. ಸ್ವಲ್ಪ ಹೊತ್ತಿಗೆ ಹಣೆಯಲ್ಲಿ ಬೆವರು. ಕಾಲು ನಡುಗಿತು. ಅವಳು ಕೈ ಚಾಚಲಿಲ್ಲ, ಕಣ್ಣೂ ಕೀಳಲಿಲ್ಲ. ಅವನನ್ನು ಇಷ್ಟು ತೃಪ್ತಿಯಾಗಿ ಅವಳು ಎಂದೂ ನೋಡಿರಲಿಲ್ಲ.

ಅರ್ಧ ಗಂಟೆ ಕಳೆಯಿತು.

“ಅವತ್ತು ಕೇಳಿದ್ದಕ್ಕೆ...” ಎಂದು ಅವನು ತೊದಲಿದ.

“ನಾನು ನನ್ನ ಕಾಲ ಮೇಲೆ ಎದ್ದು ನಿಂತ ದಿನ ಉತ್ತರ ಹೇಳ್ತೀನಿ.”

“ನಿಲ್ಲೋಕೆ ಆಗದೇ ಹೋದ್ರೆ?”

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

“ಮುಂದಿನ ಭಾನುವಾರನೂ ಬನ್ನಿ,” ಎಂದಳು. “ಬಂದು ನಿಂತ್ಕೊಳ್ಳಿ.”